ಅದೇ ಮುಖ, ಅಂಥದೇ ಮುಖ

ಹೆಸರನ್ನು ಮರೆತರೂ ಮುಖವನ್ನು ಮರೆಯಲಾರೆವೆಂದು ಜನರು ಹೇಳುವುದುಂಟು. ಇಪ್ಪತ್ತು ವರ್ಷಗಳ ಮೇಲೆ ಸಂತೆಯಲ್ಲಿ ಎದುರಾದ ಬಾಲ್ಯದ ಗೆಳೆಯನ ಕೂದಲು ನರೆತಿರಬಹುದು, ಕೆನ್ನೆ ಬತ್ತಿರಬಹುದು, ನಡೆ ಕುಂದಿರಬಹುದು. ಆದರೂ ಕ್ಷಣಕಾಲ ನಿಂತು ದಿಟ್ಟಿಸಿದರೆ ‘ಅವನೇ ಇವನು’ ಎಂಬ ಅರಿವು ತಾನಾಗಿಯೇ ಮೂಡುವುದು. ಒಂದು ಅವಯವವೂ ಮೊದಲಿದ್ದಂತೆ ಇಲ್ಲದಿರುವಾಗ ‘ಅವನೇ’ ಎನ್ನುವುದಕ್ಕೆ ಆಧಾರವೇನು? ಈ ಪ್ರಶ್ನೆಯು ನಮ್ಮ ದೇಶದ ತಾರ್ಕಿಕರಿಗೆ ಬಹಳ ಹಳೆಯದು. ಅದು ಈಚೆಗೆ ನಮ್ಮ ನಡುಮನೆಗೇ ಬಂದು ಕುಳಿತ ಬಗೆಯನ್ನೂ, ಅದರಿಂದ ನನಗೆ ಒದಗಿದ ಧರ್ಮಸಂಕಟವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ನನ್ನ ತಾಯಿಯವರು ಕಾಲವಾಗಿ ಹನ್ನೊಂದು ವರ್ಷಗಳಾದುವು. ಹೋದ ಸಲ ಅವರ ತಿಥಿಗೆ ಮನೆಯವರೆಲ್ಲರೂ ಸೇರುವವರಿದ್ದರು. ನನ್ನ ತಂಗಿಯ ಮಗನು ಕೃತಕ ಬುದ್ಧಿಯ ಯಂತ್ರಗಳಿಂದ ವೀಡಿಯೋಗಳನ್ನು ಮಾಡಬಲ್ಲವನು. ಅಜ್ಜಿಯ ಬಾಳನ್ನು ಕುರಿತು ಮೂರು ನಿಮಿಷಗಳ ಚಿತ್ರವೊಂದನ್ನು ಮಾಡಿ ಎಲ್ಲರಿಗೂ ತೋರಿಸಬೇಕೆಂದು ಅವನು ಆಸೆಪಟ್ಟನು. ಬಾವಿಯಿಂದ ನೀರು ಸೇದುವುದು, ತುಳಸಿಯ ಮುಂದೆ ದೀಪ ಹಚ್ಚುವುದು, ಜಗಲಿಯಲ್ಲಿ ಕುಳಿತು ಮೊಮ್ಮಕ್ಕಳೊಡನೆ ನಗುವುದು, ಹೀಗೆ ಹತ್ತಾರು ನೋಟಗಳನ್ನು ಅವನು ಬರೆದುಕೊಂಡನು. ಮೊದಲ ಸಲ ಅವನು ಯಂತ್ರಕ್ಕೆ ಕೊಟ್ಟದ್ದು ಬರಿಯ ಮಾತಿನ ವರ್ಣನೆ: ಎಣ್ಣೆಗೆಂಪು ಬಣ್ಣ, ಅಗಲವಾದ ಹಣೆ, ದೊಡ್ಡ ಕುಂಕುಮ, ಬಲಮೂಗಿನಲ್ಲಿ ಮೂಗುಬಟ್ಟು. ಫಲವು ನಗೆಗೀಡಾಯಿತು. ಬಾವಿಯ ಬಳಿ ನಿಂತವಳು ಒಬ್ಬಳು, ದೀಪ ಹಚ್ಚಿದವಳು ಮತ್ತೊಬ್ಬಳು. ಜಗಲಿಗೆ ಬರುವ ಹೊತ್ತಿಗೆ ಮೂಗುಬಟ್ಟು ಎಡಮೂಗಿಗೆ ಹೋಗಿದ್ದಿತು. “ಎಷ್ಟು ಜನ ಅಜ್ಜಿಯರೋ ನಿನಗೆ?” ಎಂದು ಅವನ ತಾಯಿಯೇ ಹಾಸ್ಯಮಾಡಿದಳು.

ಹೀಗಾಗುವುದಕ್ಕೆ ಕಾರಣವನ್ನು ಅವನು ನನಗೆ ವಿವರಿಸಿದನು. ಚಲಚ್ಚಿತ್ರದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಬಿಡಿಚಿತ್ರಗಳು ಸರಿದುಹೋಗುತ್ತವೆ. ಮೂರು ನಿಮಿಷಕ್ಕೆ 4,320. ನಟಿಯಿರುವ ಚಿತ್ರದಲ್ಲಿ ಇವೆಲ್ಲದರ ಹಿಂದೆ ಒಂದು ಶರೀರವಿರುತ್ತದೆ. ಆದುದರಿಂದ ಮುಖದ ಏಕತೆಗಾಗಿ ಯಾರೂ ಶ್ರಮಪಡಬೇಕಾಗಿಲ್ಲ. ಯಂತ್ರದ ಹಿಂದೆ ಅಂಥ ಶರೀರವಿಲ್ಲ. ಅದು ಮರಳೆರಚಿದಂತಿರುವ ಚುಕ್ಕೆಗಳ ಗೊಂದಲದಿಂದ ಹೊರಟು, ಹಂತಹಂತವಾಗಿ ಗೊಂದಲವನ್ನು ಕಳೆಯುತ್ತ, ಹೇಳಿದ ಮಾತಿಗೆ ಒಪ್ಪುವ ಆಕಾರವನ್ನು ಹೊರತರುತ್ತದೆ. ಕೆಲವೇ ಸೆಕೆಂಡುಗಳ ತುಣುಕುಗಳನ್ನು ಬೇರೆಬೇರೆಯಾಗಿ ಮಾಡಿ ಜೋಡಿಸುವುದು ರೂಢಿ. ‘ಅಗಲವಾದ ಹಣೆ’ ಎಂಬ ಮಾತಿಗೆ ಲಕ್ಷ ಹಣೆಗಳು ಒಪ್ಪುತ್ತವೆಯಾದ್ದರಿಂದ ತುಣುಕು ತುಣುಕಿಗೂ ಹಣೆ ಬೇರೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ಒಂದು ತುಣುಕಿನ ಕೊನೆಯ ಚಿತ್ರವನ್ನೇ ಮುಂದಿನದಕ್ಕೆ ಮೊದಲಾಗಿ ಕೊಟ್ಟರೂ ಕೊರತೆ ಪೂರ್ತಿ ನೀಗುವುದಿಲ್ಲ. ಸಣ್ಣ ತಪ್ಪುಗಳು ಕೂಡುತ್ತ ಹೋಗಿ ಮುಖವು ಮೆಲ್ಲಗೆ ಜಾರುತ್ತದೆ. ಓಲೆಗರಿಯ ಗ್ರಂಥವನ್ನು ಪ್ರತಿಯಿಂದ ಪ್ರತಿಮಾಡುತ್ತ ಹೋದಾಗ ಪಾಠವು ಕೆಡುವ ಬಗೆಯೂ ಇದೇ ಅಲ್ಲವೆ? ಅದಕ್ಕೆ ಸಂಪಾದಕರು ಕಂಡುಕೊಂಡಿರುವ ಪರಿಹಾರವೇ ಇದಕ್ಕೂ ಪರಿಹಾರ: ಪ್ರತಿಯೊಂದು ಸಲವೂ ಹಿಂದಿನ ಪ್ರತಿಯನ್ನು ನಂಬದೆ ಮೂಲಪ್ರತಿಗೆ ಹೋಗುವುದು.

ಆ ಮೂಲಪ್ರತಿಯ ಸ್ಥಾನದಲ್ಲಿ ನಿಲ್ಲುವುದು ಆಧಾರಚಿತ್ರ. ನೆರಳು ಬೀಳದ ಬೆಳಕಿನಲ್ಲಿ ತೆಗೆದ ಕೆಲವು ಫೋಟೋಗಳನ್ನು, ಸಾಧ್ಯವಾದರೆ ನೇರಮುಖದ್ದೊಂದು, ಓರೆಯಾಗಿ ತಿರುಗಿದುದೊಂದು, ಪಕ್ಕದ ನೋಟದ್ದೊಂದು, ಯಂತ್ರಕ್ಕೆ ಒಪ್ಪಿಸಿದರೆ ಅದು ಪ್ರತಿ ತುಣುಕಿನಲ್ಲಿಯೂ ಅವನ್ನು ನೋಡಿಕೊಂಡೇ ಮುಖವನ್ನು ಬರೆಯುತ್ತದೆ. ಹೀಗೆ ಮಾಡುವುದಕ್ಕೆ ಮುಖವನ್ನು ಯಂತ್ರಕ್ಕೆ ತಿಳಿಯುವ ಸಂಖ್ಯೆಗಳನ್ನಾಗಿ ಮಾಡಬೇಕು. ಮುಖಗಳನ್ನು ಗುರುತಿಸುವುದಕ್ಕಾಗಿ ಗೂಗಲ್ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಫೇಸ್‌ನೆಟ್ ಎಂಬ ವ್ಯವಸ್ಥೆಯು ಒಂದೊಂದು ಮುಖವನ್ನೂ 128 ಸಂಖ್ಯೆಗಳ ಸಾಲಾಗಿ ಮಾಡಿತು. ಎರಡು ಸಾಲುಗಳ ನಡುವಣ ಅಂತರ ಕಿರಿದಾದರೆ ಇಬ್ಬರೂ ಒಬ್ಬರೇ ಎಂದು ಅದರ ನಿರ್ಣಯ. 2022ರಲ್ಲಿ ಗೂಗಲ್ ಮತ್ತು ಬೋಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಹೊರತಂದ ಡ್ರೀಂಬೂತ್ ಎಂಬ ವಿಧಾನದಲ್ಲಿ ಮೂರರಿಂದ ಐದು ಚಿತ್ರಗಳಿಂದಲೇ ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಯಂತ್ರಕ್ಕೆ ಪರಿಚಯಮಾಡಿಕೊಡುವುದು ಸಾಧ್ಯವೆಂದು ತೋರಿಬಂದಿತು.

ನಮ್ಮ ಮನೆಯಲ್ಲಿ ದೊರೆತ ಫೋಟೋಗಳೂ ಮೂರೇ: ಮದುವೆಯಾದ ವರ್ಷ ತಂದೆಯವರೊಡನೆ ಸ್ಟುಡಿಯೋದಲ್ಲಿ ತೆಗೆಸಿದುದು, ಮತದಾರರ ಗುರುತಿನ ಚೀಟಿಗಾಗಿ ತೆಗೆದುದು, ಬೇಲೂರಿನ ದೇವಾಲಯದ ಅಂಗಳದಲ್ಲಿ ಎಲ್ಲರೊಡನೆ ನಿಂತಾಗ ತೆಗೆದುದು. ಇವನ್ನು ಕೊಟ್ಟ ಮೇಲೆ ಚಿತ್ರವು ಬೇರೆಯೇ ಆಯಿತು. ಬಾವಿಕಟ್ಟೆಯಿಂದ ಜಗಲಿಯವರೆಗೆ ಒಂದೇ ಹಣೆ, ಒಂದೇ ಕಣ್ಣು. ಮೂಗುಬಟ್ಟು ಬಲಗಡೆಯೇ ನಿಂತಿತು. ಅಣ್ಣನವರು ಕಣ್ಣೊರಸಿಕೊಂಡು “ಅಮ್ಮನೇ!” ಎಂದರು. ನನಗೂ ಗಂಟಲು ಕಟ್ಟಿತು.

ಈ ‘ಅಮ್ಮನೇ’ ಎಂಬ ಮಾತಿನಲ್ಲಿರುವ ಏಕಾರವನ್ನು ಕುರಿತೇ ನಾನು ಇಲ್ಲಿ ವಿಚಾರಮಾಡಬೇಕೆಂದಿರುವುದು. ಕನ್ನಡದಲ್ಲಿ ‘ಅದೇ’ ಎಂಬುದು ಒಂದು ಮಾತು, ‘ಅಂಥದೇ’ ಎಂಬುದು ಇನ್ನೊಂದು. ನಿನ್ನೆ ಕಳೆದುಹೋದ ಕೊಡೆ ಇಂದು ಸಿಕ್ಕಿದರೆ ಅದು ಅದೇ ಕೊಡೆ. ಅಂಗಡಿಯಿಂದ ಅದೇ ಬಣ್ಣದ, ಅದೇ ಬೆಲೆಯ ಬೇರೊಂದನ್ನು ತಂದರೆ ಅಂಥದೇ ಕೊಡೆ. ಕೊಡೆಯ ವಿಷಯದಲ್ಲಿ ಭೇದವು ಅಲ್ಪ. ಮನುಷ್ಯರ ವಿಷಯದಲ್ಲಿ ಅದೇ ಸರ್ವಸ್ವ. ಶಾಸ್ತ್ರಕಾರರು ಮೊದಲನೆಯ ಅರಿವನ್ನು ಪ್ರತ್ಯಭಿಜ್ಞೆಯೆಂದೂ ಎರಡನೆಯದನ್ನು ಸಾದೃಶ್ಯಜ್ಞಾನವೆಂದೂ ಕರೆದರು. ಹಿಂದೆ ಬೇರೊಂದು ಊರಿನಲ್ಲಿ ಕಂಡ ದೇವದತ್ತನನ್ನು ಇಂದು ಇಲ್ಲಿ ಕಂಡು ‘ಅವನೇ ಇವನು’ ಎನ್ನುವುದು ಅವರ ಪ್ರಸಿದ್ಧವಾದ ಉದಾಹರಣೆ.

ಇಲ್ಲಿ ಕ್ಷಣಿಕವಾದಿಗಳಾದ ಬೌದ್ಧರು ಎತ್ತಿದ ಆಕ್ಷೇಪವು ಬಹು ಸ್ವಾರಸ್ಯವಾದುದು. ರಾತ್ರಿಯೆಲ್ಲ ಉರಿಯುವ ದೀಪದ ಕುಡಿಯನ್ನು ನಾವು ಒಂದೇ ಎನ್ನುತ್ತೇವೆ; ವಾಸ್ತವದಲ್ಲಿ ಅಲ್ಲಿರುವುದು ಕ್ಷಣಕ್ಷಣಕ್ಕೂ ಹೊಸದಾಗಿ ಹುಟ್ಟುವ ಕುಡಿಗಳ ಸಾಲು. ಹೋಲಿಕೆಯಿಂದ ಮೋಸಹೋಗಿ ನಾವು ‘ಅದೇ’ ಎನ್ನುತ್ತೇವೆ. ಎಲ್ಲ ‘ಅದೇ’ಗಳೂ ಹೀಗೆಯೇ, ಎಂದು ಅವರ ವಾದ. ಆ ವಾದಕ್ಕೆ ಯಂತ್ರದ ವೀಡಿಯೋಕ್ಕಿಂತ ಒಪ್ಪುವ ದೃಷ್ಟಾಂತವನ್ನು ನಾನು ಕಾಣೆ. ಅಲ್ಲಿ ನಿಜವಾಗಿಯೂ ಯಾರೂ ಇಲ್ಲ. ಇರುವುದು 4,320 ಅಂಥದೇ ಮುಖಗಳು. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಇದಕ್ಕೆ ಕೊಟ್ಟ ಸಮಾಧಾನದ ಸಾರವೇನೆಂದರೆ: ‘ಇದು ಅದರಂತಿದೆ’ ಎಂದು ಹೇಳಬೇಕಾದರೂ ಅದನ್ನೂ ಇದನ್ನೂ ಎರಡನ್ನೂ ಕಂಡ ಒಬ್ಬನು ಇರಲೇಬೇಕು, ಹೋಲಿಕೆಯೂ ಕೂಡ ಹಾಗೆ ಕಂಡು ನೆನೆವವನ ಏಕತೆಯನ್ನು ಆಶ್ರಯಿಸಿಯೇ ನಿಲ್ಲುತ್ತದೆ. ಪರದೆಯ ಮೇಲಿನ ಮುಖವು ತಾಯಿಯವರದಂತಿದೆಯೆಂದು ಹೇಳುವ ಅಧಿಕಾರ ಯಾರಿಗೆ? ಸಂಖ್ಯೆಯ ಸಾಲುಗಳನ್ನು ಅಳೆಯುವ ಯಂತ್ರವು ಫೋಟೋವನ್ನು ಕಂಡಿದೆ, ತಾಯಿಯವರನ್ನು ಕಂಡಿಲ್ಲ. ಇಬ್ಬರನ್ನೂ ಕಂಡವರು ನಾವು.

ಬರಿಯ ಹೋಲಿಕೆಯಿಂದಲೇ ಗುರುತು ಹುಟ್ಟುವುದಿಲ್ಲವೆಂಬುದಕ್ಕೆ ವೈದ್ಯರ ಅನುಭವವೂ ಇದೆ. 1923ರಲ್ಲಿ ಫ್ರಾನ್ಸಿನ ಮನೋವೈದ್ಯರಾದ ಜೋಸೆಫ್ ಕಾಪ್‌ಗ್ರಾ ಎಂಬವರು ಸಹೋದ್ಯೋಗಿಯೊಬ್ಬರೊಡನೆ ಒಂದು ವಿಚಿತ್ರವಾದ ಭ್ರಾಂತಿಯನ್ನು ವರ್ಣಿಸಿದರು. ಆ ರೋಗಿಯು ತನ್ನ ಗಂಡನ ಮತ್ತು ಮಕ್ಕಳ ಮುಖಗಳನ್ನು ಸರಿಯಾಗಿಯೇ ನೋಡಬಲ್ಲವಳಾಗಿದ್ದಳು; ಆದರೆ ಅವರು ತನ್ನವರಲ್ಲವೆಂದೂ, ಅವರಂತೆಯೇ ಇರುವ ಬೇರೆಯವರೆಂದೂ ಹಟಹಿಡಿಯುತ್ತಿದ್ದಳು. ಅವಳಿಗೆ ‘ಅಂಥದೇ’ ಉಳಿದು ‘ಅದೇ’ ಎಂಬುದು ಹೋಗಿಬಿಟ್ಟಿದ್ದಿತು. ನಾವು ಅಂದು ನಡುಮನೆಯಲ್ಲಿ ಕುಳಿತು ಮಾಡಿದುದು ಅದರ ವಿಪರ್ಯಾಸ: ‘ಅಂಥದೇ’ ಎದುರಿಗೆ ಬಂದಾಗ ‘ಅದೇ’ ಎಂಬ ಭಾವವನ್ನು ಅದಕ್ಕೆ ಧಾರೆಯೆರೆದೆವು.

“ಇದರಲ್ಲಿ ಹೊಸದೇನು? ಪ್ರತಿಮೆಯೂ ಪಟವೂ ನಾಟಕದ ವೇಷವೂ ಎಲ್ಲವೂ ಅಂಥದೇ ಅಲ್ಲವೆ?” ಎಂದು ಕೆಲವರು ಕೇಳಬಹುದು. ಆಕ್ಷೇಪವು ನ್ಯಾಯವಾದುದು, ಆದುದರಿಂದ ಎರಡು ಸಂದರ್ಭಗಳನ್ನು ಬೇರೆಮಾಡಿ ನೋಡಬೇಕು. ಕಲ್ಪಿತ ಪಾತ್ರಕ್ಕೆ ಮುಖವನ್ನು ನಿಲ್ಲಿಸುವುದು ಒಂದು. ನಮ್ಮ ಶಿಲ್ಪಿಗಳು ಈ ಸಮಸ್ಯೆಯನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿದ್ದರು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವನನ್ನು ನಾವು ಕೇಶವನೆಂದು ಅರಿಯುವುದು ಮುಖದ ಚಹರೆಯಿಂದಲ್ಲ. ವಿಷ್ಣುವಿನ 24 ಮೂರ್ತಿಗಳನ್ನು ಶಾಸ್ತ್ರವು ಬೇರ್ಪಡಿಸುವುದು ಶಂಖ ಚಕ್ರ ಗದಾ ಪದ್ಮಗಳು ಯಾವ ಯಾವ ಕೈಯಲ್ಲಿವೆಯೆಂಬ ಕ್ರಮದಿಂದ. 2025ರಲ್ಲಿ ನಟರಿಲ್ಲದೆ ಕೃತಕ ಬುದ್ಧಿಯಿಂದಲೇ ನಿರ್ಮಿತವಾದುದೆಂದು ‘ಲವ್ ಯು’ ಎಂಬ ಕನ್ನಡ ಚಿತ್ರವು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಇಂಥ ಚಿತ್ರದ ನಾಯಿಕೆಗೆ ಆಧಾರಚಿತ್ರದಿಂದಾಚೆಗೆ ಬೇರೊಂದು ಮೂಲವಿಲ್ಲ. ಆ ಚಿತ್ರವೇ ಅವಳ ಮೂಲ. ಅದಕ್ಕೆ ನಿಷ್ಠವಾಗಿರುವುದು ಕಸಬಿನ ಶುದ್ಧಿ. ಅಲ್ಲಿ ಮುಖ ಬದಲಾದರೆ ಕಥೆ ಕೆಡುವುದು, ಬದಲಾಗದಿದ್ದರೆ ಯಾರಿಗೂ ಅನ್ಯಾಯವಿಲ್ಲ.

ಬದುಕಿದ್ದ, ಅಥವಾ ಬದುಕಿರುವ ವ್ಯಕ್ತಿಯ ಮುಖವನ್ನು ನಿಲ್ಲಿಸುವುದು ಇನ್ನೊಂದು. ಇದಕ್ಕೆ ಕಾಳಿದಾಸನು ಹಿಂದೆಯೇ ಒಂದು ನಿದರ್ಶನವನ್ನು ಕಟ್ಟಿಕೊಟ್ಟಿದ್ದಾನೆ. ಬಸಪ್ಪಶಾಸ್ತ್ರಿಗಳ ಕನ್ನಡದಲ್ಲಿ ಶಾಕುಂತಲವನ್ನು ಓದಿದವರಿಗೆ ಆರನೆಯ ಅಂಕವು ನೆನಪಿರಬಹುದು. ದುಷ್ಯಂತನು ತಾನು ತೊರೆದವಳ ಚಿತ್ರವನ್ನು ನೆನಪಿನಿಂದಲೇ ಬರೆದು, ಅದನ್ನು ನೋಡುತ್ತ ನೋಡುತ್ತ ಮೈಮರೆತು, ಚಿತ್ರದಲ್ಲಿ ಅವಳ ಮುಖದ ಬಳಿ ಬರುವ ದುಂಬಿಯನ್ನು ಗದರಿಸತೊಡಗುತ್ತಾನೆ. ಆಗ ಪಕ್ಕದಲ್ಲಿದ್ದ ವಿದೂಷಕನು, ಇದು ಚಿತ್ರವಯ್ಯಾ, ಎಂದು ಎಚ್ಚರಿಸುತ್ತಾನೆ. ರಾಜನಿಗೆ ಆ ಎಚ್ಚರಿಕೆಯು ಕಠೋರವಾಗಿ ತೋರುತ್ತದೆ. ಆದರೂ ಅದನ್ನು ಹೇಳುವುದಕ್ಕೆ ಒಬ್ಬನಿದ್ದನು. ಬರೆದವನೂ ಅವಳನ್ನು ಕಣ್ಣಾರೆ ಕಂಡವನೇ ಆಗಿದ್ದನು. ಈ ಎರಡು ಅನುಕೂಲಗಳಲ್ಲಿ ಎರಡನೆಯದು ನಮ್ಮ ಚಿತ್ರಕ್ಕಿರಲಿಲ್ಲ. ಮೊದಲನೆಯದನ್ನು ನಮ್ಮ ಚಿಕ್ಕಮ್ಮನವರು ಒದಗಿಸಿದರು.

ಚಿಕ್ಕಮ್ಮನವರು ನನ್ನ ತಾಯಿಯವರ ಒಡಹುಟ್ಟಿದವರಲ್ಲಿ ಉಳಿದಿರುವವರು ಒಬ್ಬರೇ. ವಯಸ್ಸು ಎಂಬತ್ತೆಂಟು, ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಚಿತ್ರವನ್ನು ಹತ್ತಿರದಿಂದ ಎರಡು ಸಲ ನೋಡಿ, ಎಲ್ಲರೂ ಕಣ್ಣೊರಸಿಕೊಳ್ಳುತ್ತಿದ್ದಾಗ ಮೆಲ್ಲಗೆ ಹೇಳಿದರು: “ಅಕ್ಕನ ಹಾಗೇ ಇದಾಳೆ ಕಣೋ. ಆದ್ರೆ ಅಕ್ಕ ಅಲ್ಲ. ಅಕ್ಕ ಯಾವತ್ತು ಹೀಗೆ ಬಾಯಿ ಬಿಟ್ಟು ನಕ್ಕಿದ್ಲು?”

ಆ ಮಾತಿನಿಂದ ನನಗೆ ತಟ್ಟನೆ ಎಚ್ಚರವಾಯಿತು. ಹುಡುಗಿಯಾಗಿದ್ದಾಗ ಬಾವಿಕಟ್ಟೆಯ ಮೇಲೆ ಜಾರಿಬಿದ್ದು ತಾಯಿಯವರ ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿದ್ದಿತು. ಅಂದಿನಿಂದ ಕೊನೆಯವರೆಗೂ ಅವರು ನಗುವಾಗ ಸೆರಗಿನ ತುದಿಯನ್ನು ಬಾಯಿಗೆ ಅಡ್ಡವಾಗಿ ಹಿಡಿಯುತ್ತಿದ್ದರು. ಫೋಟೋ ತೆಗೆಯುವಾಗಲಂತೂ ತುಟಿ ಬಿಚ್ಚುತ್ತಿರಲಿಲ್ಲ. ಮೂರು ಆಧಾರಚಿತ್ರಗಳಲ್ಲಿಯೂ ಬಾಯಿ ಮುಚ್ಚಿಯೇ ಇದೆ. ಜಗಲಿಯ ನಗೆಯನ್ನು ಬರೆಯಬೇಕಾಗಿ ಬಂದಾಗ ಯಂತ್ರಕ್ಕೆ ಆಧಾರವೇ ಇಲ್ಲದೆ, ಅದು ತಾನು ಅಭ್ಯಾಸಮಾಡಿದ ಅಸಂಖ್ಯಾತ ಮುಖಗಳಿಂದ ಒಂದು ಸಾಧಾರಣವಾದ ನಗೆಯನ್ನು ತಂದು ಜೋಡಿಸಿದ್ದಿತು: ಸಾಲಾಗಿ ಬೆಳ್ಳಗೆ ಹೊಳೆಯುವ ಹಲ್ಲುಗಳು, ಅಡಗಿಸಿಕೊಳ್ಳುವುದಕ್ಕೆ ಏನೂ ಇಲ್ಲದ ನಗೆ. ಅದು ಯಾರದೋ ಅಲ್ಲ, ಯಾರದೂ ಅಲ್ಲ. ಆದರೆ ಹಣೆ, ಕಣ್ಣು, ಮೂಗುಬಟ್ಟುಗಳ ನಿಷ್ಠೆಯು ಆ ನಗೆಗೂ ಜಾಮೀನು ನಿಂತಿದ್ದರಿಂದ, ಮಗನಾದ ನಾನೇ ಅದನ್ನು ಒಪ್ಪಿಕೊಂಡುಬಿಟ್ಟಿದ್ದೆನು.

ಇಲ್ಲಿಯೇ ಈ ವಿಷಯದ ಮರ್ಮವಿರುವಂತೆ ನನಗೆ ತೋರುವುದು. ಮೊದಲ ಪ್ರಯತ್ನದಲ್ಲಿ ಮುಖವು ಜಾರುತ್ತಿದ್ದಾಗ ಚಿತ್ರವು ತನ್ನ ಅಸತ್ಯತೆಯನ್ನು ತಾನೇ ಒಪ್ಪಿಕೊಳ್ಳುತ್ತಿದ್ದಿತು; ನಾವು ನಕ್ಕೆವು, ಯಾರಿಗೂ ಮೋಸವಾಗಲಿಲ್ಲ. ಮುಖವು ಸ್ಥಿರವಾದ ಕೂಡಲೆ ಆ ಒಪ್ಪಿಗೆಯ ಬಾಯಿ ಮುಚ್ಚಿಹೋಯಿತು. ಸ್ಥಿರತೆಯನ್ನು ನಾವು ಸತ್ಯದ ಲಕ್ಷಣವೆಂದು ಎಣಿಸುವುದಕ್ಕೆ ಕಾರಣವುಂಟು: ಸುಳ್ಳು ಹೇಳುವವನು ಸಾಮಾನ್ಯವಾಗಿ ಎರಡನೆಯ ಸಲ ತಡವರಿಸುತ್ತಾನೆ. ಆದರೆ ನ್ಯಾಯಾಲಯದ ಅನುಭವವುಳ್ಳವರು ಮತ್ತೊಂದನ್ನೂ ಬಲ್ಲರು. ಎಷ್ಟು ಸಲ ಕೇಳಿದರೂ ಒಂದಕ್ಷರವೂ ಬದಲಾಗದೆ ಗಿಣಿಪಾಠದಂತೆ ಹೇಳುವ ಸಾಕ್ಷಿಯ ಮೇಲೆ ವಕೀಲರಿಗೆ ಸಂಶಯ ಹುಟ್ಟುತ್ತದೆ. ಕಲಿಸಿಕೊಟ್ಟ ಸಾಕ್ಷಿಯ ಗುರುತು ಅದು. ವೇದಾಂತಿಗಳು ಸತ್ಯವೆಂದರೆ ಬಾಧೆಗೊಳಗಾಗದುದು ಎಂದರು. ಹಗ್ಗದಲ್ಲಿ ಕಂಡ ಹಾವಿನ ಅರಿವು ದೀಪ ಬಂದೊಡನೆ ಬಾಧಿತವಾಗುವುದು. ದೀಪವೇ ಬಾರದಿದ್ದರೆ? ಹಾವು ಎಷ್ಟು ಹೊತ್ತಾದರೂ ಅಲುಗದೆ ಬಿದ್ದಿರುವುದು ಅದು ಹಾವೆಂಬುದಕ್ಕೆ ಪ್ರಮಾಣವಲ್ಲ. ನಮ್ಮ ಮನೆಯಲ್ಲಿ ದೀಪ ಹಿಡಿದು ಬಂದವರು ಚಿಕ್ಕಮ್ಮನವರು. ಅವರ ಕಾಲಾನಂತರ ಆ ನಗೆಯನ್ನು ಅಲ್ಲಗಳೆಯುವವರು ಯಾರು?

ನಾನೇ ಇದ್ದೇನಲ್ಲ, ಎಂದು ಹೇಳಿಕೊಳ್ಳಬಹುದಾಗಿದ್ದಿತು. ಆದರೆ ಆ ವಾರವೆಲ್ಲ ನಾನು ಆ ಚಿತ್ರವನ್ನು ಹಲವು ಸಲ ಒಬ್ಬನೇ ಕುಳಿತು ನೋಡಿದೆನು, ನೋಡದಿರಲು ಆಗಲಿಲ್ಲ. ಬಳಿಕ ಒಂದು ರಾತ್ರಿ ದೀಪವಾರಿಸಿ ಮಲಗಿ ತಾಯಿಯವರನ್ನು ನೆನೆದಾಗ ಮೊದಲು ಬಂದುದು ಸೆರಗಲ್ಲ, ಆ ಹಲ್ಲಿನ ಸಾಲು. ಸೆರಗನ್ನು ಪ್ರಯತ್ನಪಟ್ಟು ತಂದುಕೊಳ್ಳಬೇಕಾಯಿತು. ಹನ್ನೊಂದು ವರ್ಷಗಳ ಕಾಲವು ನನ್ನಿಂದ ಕಸಿಯಲಾರದುದನ್ನು ಮೂರು ನಿಮಿಷಗಳ ಪ್ರೀತಿಯ ಕಾಣಿಕೆಯೊಂದು ಸಡಿಲಿಸಿದ್ದಿತು. ಇದನ್ನು ಬರೆಯುವಾಗ ಸಂಕೋಚವಾಗುತ್ತದೆ. ಆದರೆ ಇದನ್ನು ಬಿಟ್ಟು ಈ ಲೇಖನವನ್ನು ಬರೆಯುವುದರಲ್ಲಿ ಅರ್ಥವಿಲ್ಲ.

ಮನುಷ್ಯನ ನೆನಪೂ ತಪ್ಪುವುದಿಲ್ಲವೆ, ಅದೂ ಇಲ್ಲದುದನ್ನು ಕಟ್ಟುವುದಿಲ್ಲವೆ, ಎಂದರೆ, ಕಟ್ಟುವುದು ನಿಜ. ಚಿಕ್ಕಮ್ಮನವರ ನೆನಪೂ ಎಲ್ಲೋ ತಪ್ಪಿರಬಹುದು. ಆದರೆ ಅವರ ಮಾತಿಗೆ ಅವರು ಹೊಣೆ. “ಹೌದೆ? ಯಾವಾಗ? ಎಲ್ಲಿ?” ಎಂದು ಅವರನ್ನು ಕೇಳಬಹುದು, ಅವರು ಯೋಚಿಸಿ, ಬೇಕಾದರೆ ತಿದ್ದಿಕೊಳ್ಳಬಹುದು. ಯಂತ್ರದ ನಗೆಯನ್ನು ಏನೆಂದು ಕೇಳುವುದು? ಅದಕ್ಕೆ ಫೋಟೋವಿನಲ್ಲಿದ್ದ ಹಣೆಯೂ ತಾನು ತುಂಬಿದ ಹಲ್ಲೂ ಸಮಾನ. ಇದು ಕಂಡದ್ದು, ಇದು ಊಹಿಸಿದ್ದು ಎಂಬ ವಿವೇಕದ ಗೆರೆಯನ್ನು ಅದು ಎಳೆಯುವುದಿಲ್ಲ. ಆ ಗೆರೆಯನ್ನು ಎಳೆಯುವ ಕರ್ತವ್ಯವು ಮಾಡಿಸುವವನ ಮೇಲೆ ಬೀಳುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಬದುಕಿರುವವರ ವಿಷಯದಲ್ಲಿ ಉತ್ತರವು ಸ್ಪಷ್ಟ: ಅವರ ಒಪ್ಪಿಗೆಯಿಲ್ಲದೆ ಅವರ ಮುಖವನ್ನು ಆಧಾರಚಿತ್ರವಾಗಿ ಮಾಡಿಕೊಳ್ಳುವುದು ಸಹಿಯನ್ನು ನಕಲುಮಾಡಿದಂತೆಯೇ ಸರಿ. ಮುಖವನ್ನು ತಪ್ಪದೆ ನಿಲ್ಲಿಸುವ ಜಾಣತನವೇ ವಂಚಕನ ಕೈಯಲ್ಲಿ ಆಯುಧವಾಗುವುದು. ದೆಹಲಿಯ ಉಚ್ಚ ನ್ಯಾಯಾಲಯವು 2023ರಲ್ಲಿ ನಟ ಅನಿಲ್ ಕಪೂರ್ ಅವರ ಹೆಸರು, ರೂಪ, ಧ್ವನಿಗಳನ್ನು ಅನುಮತಿಯಿಲ್ಲದೆ ಹೀಗೆ ಬಳಸುವುದನ್ನು ತಡೆಯಿತು. ಆದರೆ ಹೆಸರಾಂತರಿಗೆ ದೊರೆಯುವ ರಕ್ಷಣೆ ಹಳ್ಳಿಯ ಶಾಲೆಯ ಹುಡುಗಿಗೂ ದೊರೆಯಬೇಕು. ಅದಕ್ಕೆ ಕಾನೂನಿಗಿಂತ ಮೊದಲು ನಮ್ಮ ಮನೆಗಳ ಹುಡುಗರಿಗೆ ಮರ್ಯಾದೆಯ ಅರಿವು ಬೇಕು. ಗತಿಸಿದವರು ಒಪ್ಪಿಗೆ ಕೊಡಲಾರರು. ಅವರ ವಿಷಯದಲ್ಲಿ ಎರಡನ್ನಾದರೂ ಪಾಲಿಸಬೇಕೆಂದು ನನ್ನ ಅಭಿಪ್ರಾಯ: ಅವರನ್ನು ಕಂಡವರಿಗೆ ಮೊದಲು ತೋರಿಸಿ, ಅವರ ಅಲ್ಲಗಳೆಯುವ ಮಾತನ್ನು ಕೇಳುವುದು, ಯಾವ ಚಿತ್ರಗಳಿಂದ ಮಾಡಿದುದು, ಯಾವುದು ಕಲ್ಪಿತ ಎಂಬುದನ್ನು ಚಿತ್ರದೊಡನೆಯೇ ಬರೆದಿಡುವುದು.

ನನ್ನ ಸೋದರಳಿಯನು ಸಹೃದಯನಾದ ಹುಡುಗ. ಚಿಕ್ಕಮ್ಮನವರ ಮಾತು ಕೇಳಿ ನೊಂದುಕೊಂಡು, “ಮಾವ, ಸೆರಗು ಹಿಡಿದ ಹಾಗೆ ಮಾಡಿಕೊಡ್ಲಾ? ಹಲ್ಲೂ ಮುರಿದಿರೋ ಹಾಗೆ ಮಾಡಬಹುದು. ಒಂದು ಗಂಟೆ ಕೆಲಸ” ಎಂದನು. ಆಸೆಯೇನೋ ಆಯಿತು. ಆದರೆ ಹಾಗೆ ಮಾಡಿದರೆ ಚಿಕ್ಕಮ್ಮನವರ ಸಾಕ್ಷ್ಯವೂ ಯಂತ್ರದ ಹೊಟ್ಟೆಗೆ ಸೇರಿ, ಮುಂದೆ ನೋಡುವವರಿಗೆ ಅದೂ ಯಂತ್ರವೇ ತುಂಬಿದ ಮತ್ತೊಂದು ವಿವರವಾಗಿ ಕಾಣುವುದು. ಅಕ್ಕನನ್ನು ಕಂಡ ತಂಗಿಯೊಬ್ಬಳು ಹೇಳಿದಳೆಂಬುದು ಅಳಿಸಿಹೋಗುವುದು. ಬೇಡವೆಂದು ಹೇಳಿದೆನು. ಚಿತ್ರವನ್ನು ಹಾಗೆಯೇ ಇಟ್ಟಿದ್ದೇವೆ. ಅದರ ಮೊದಲಿಗೆ ಈಗ ಒಂದು ಬರಹವಿದೆ: ಇದು ಮೂರು ಫೋಟೋಗಳಿಂದ ಯಂತ್ರವು ಮಾಡಿದುದು, ಇದರಲ್ಲಿರುವ ನಗೆ ನಮ್ಮ ತಾಯಿಯದಲ್ಲ, ಅವರು ನಗುವಾಗ ಸೆರಗನ್ನು ಬಾಯಿಗೆ ಹಿಡಿಯುತ್ತಿದ್ದರು.

ಅದಾದ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಚಿಕ್ಕಮ್ಮನವರ ಬಳಿಗೆ ಒಂದು ನೋಟುಬುಕ್ಕನ್ನು ಹಿಡಿದು ಹೋಗುತ್ತಿದ್ದೇನೆ. ಅಕ್ಕನ ಸಂಗತಿಗಳನ್ನು ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಒಂದೊಂದು ಸಲ ಹೋದ ವಾರ ಹೇಳಿದುದಕ್ಕೂ ಈ ವಾರ ಹೇಳಿದುದಕ್ಕೂ ಹೊಂದುವುದಿಲ್ಲ. ಎರಡನ್ನೂ ಬರೆದುಕೊಳ್ಳುತ್ತೇನೆ.